ಮಲೆನಾಡನ್ನು ಮರೆತೇಬಿಟ್ಟಿರಾ?

ಒಳ್ಳೆಯ ಕನ್ನಡ ಸಿನಿಮಾಗಳೆಲ್ಲ ಈಗ ಕರಾವಳಿಯಿಂದಲೇ ಬರುತ್ತಿವೆ ಎಂದು ಬರೆದಿದ್ದೀರಿ. ಪೂರ್ತಿ ಒಪ್ಪಲಾರೆ. ಕರಾವಳಿಯದೇ ಕಥೆಯಾದ 2025ರ ‘ಸು ಫ್ರಮ್ ಸೋ’ ನೋಡಿ ನಾನೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ, ಅದು ಬೇರೆ ಮಾತು. ಆದರೆ 2024ರ ‘ಶಾಖಾಹಾರಿ’ ನಮ್ಮ ಮಲೆನಾಡಿನ ಕಥೆ ಅಲ್ವಾ? ಸಣ್ಣ ಹೋಟೆಲಿನ ಅಡುಗೆಯವನಾಗಿ ರಂಗಾಯಣ ರಘು ಎಷ್ಟು ತಣ್ಣಗೆ ಹೆದರಿಸುತ್ತಾರೆ! ಅಬ್ಬರದ ಪಾತ್ರಗಳಲ್ಲೇ ಅವರನ್ನು ನೋಡಿದ್ದ ನನಗೆ ಅದು ಹೊಸದು. ಥಿಯೇಟರಿನಲ್ಲಿ ತಪ್ಪಿಹೋಯಿತು. ಆಮೇಲೆ ಮೊಬೈಲಿನಲ್ಲಿ ನೋಡಿದೆ, ಕರೆಂಟ್ ಹೋಗಿ ಎರಡು ಕಂತಿನಲ್ಲಿ.

ಸೀರಿಯಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಲೆನಾಡಿನ ಮನೆ ಅನ್ನುತ್ತಾರೆ, ಜುಲೈನಲ್ಲೂ ಒಂದು ಹನಿ ಮಳೆಯಿಲ್ಲ, ಅಂಗಳದಲ್ಲಿ ಪಾಚಿಯಿಲ್ಲ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ಗೆ ಆಗುಂಬೆಯನ್ನು ಆರಿಸಿಕೊಂಡಿದ್ದು ಸುಮ್ನೆ ಅಲ್ಲ. ನಮ್ಮಮ್ಮ ಮಾತ್ರ ಆ ಸೀರಿಯಲ್‌ಗಳ ಒಂದು ಎಪಿಸೋಡನ್ನೂ ಬಿಡುವುದಿಲ್ಲ.