ಸರ್ವೆಯರ್ ಹೋಬಳಿಗೆ ಬರಲಿ

ಭೂದಾಖಲೆ ಸೇವೆಗಳನ್ನು ಹೋಬಳಿ ಮಟ್ಟಕ್ಕೆ ಇಳಿಸಬೇಕೆಂಬ ಲೇಖನವೊಂದರ ಮಾತು ನೂರಕ್ಕೆ ನೂರು ಸರಿ. 2000ರ ಸುಮಾರಿಗೆ ‘ಭೂಮಿ’ ಯೋಜನೆ ಬಂದಾಗ ಗ್ರಾಮಲೆಕ್ಕಿಗರು ಕೈಯಲ್ಲಿ ಬರೆದು ಕೊಡುತ್ತಿದ್ದ ಪಹಣಿ ತಾಲ್ಲೂಕು ಕಚೇರಿಯ ಕಂಪ್ಯೂಟರ್ ಸೇರಿತು. ತಿದ್ದಾಟ ತಪ್ಪಿತು, ಓಡಾಟ ಹೆಚ್ಚಿತು. ಆಮೇಲೆ ಹೋಬಳಿಯ ನಾಡಕಚೇರಿಯಲ್ಲೂ ಪಹಣಿ ಸಿಗತೊಡಗಿತು, ಒಳ್ಳೆಯದಾಯಿತು.

ಈಗ ರೈತ ಸಿಕ್ಕಿಹಾಕಿಕೊಳ್ಳುವುದು ಪೋಡಿ (ಜಮೀನು ಅಳೆದು ದಾಖಲೆಯಲ್ಲಿ ಬೇರೆ ಮಾಡುವುದು), ಹದ್ದುಬಸ್ತು (ಗಡಿ ಗುರುತಿಸುವುದು), 11ಇ ನಕ್ಷೆಯಲ್ಲಿ (ಜಮೀನಿನ ಒಂದು ಭಾಗ ಮಾರಲು, ಹಂಚಲು ಬೇಕಾದ ನಕ್ಷೆ). ಅರ್ಜಿ ಎಲ್ಲೇ ಕೊಟ್ಟರೂ ಕಡತ ಇರುವುದು ತಾಲ್ಲೂಕಿನಲ್ಲಿ. ಪರಶುರಾಂಪುರ ಹೋಬಳಿಯ ಕಡೆಯವರು ವಿಚಾರಿಸಲು ತಾಲ್ಲೂಕು ಕೇಂದ್ರ ಚಳ್ಳಕೆರೆಯ ಬಸ್ಸು ಹತ್ತಬೇಕು. ಅಣ್ಣತಮ್ಮಂದಿರು ಭಾಗವಾಗಿ ವರ್ಷಗಳಾದರೂ ಪೋಡಿಯಾಗದೆ ಪಹಣಿ ಜಂಟಿಯಲ್ಲೇ ಉಳಿದಿರುತ್ತದೆ. ಬೆಳೆ ಸಾಲ ಕೇಳಿದರೆ ಎಲ್ಲರ ಸಹಿ ತನ್ನಿ ಅನ್ನುತ್ತಾರೆ. ಒಬ್ಬ ಬೆಂಗಳೂರಲ್ಲಿದ್ದರೆ ಮುಗಿಯಿತು!

ಹೋಬಳಿಗೊಬ್ಬ ಸರ್ವೆಯರ್, ವಾರಕ್ಕೊಂದು ಗೊತ್ತಾದ ದಿನ, ಶೇಂಗಾ ಬಿತ್ತನೆಗೆ ಮುಂಚೆ ಅಳತೆ. ಇಷ್ಟನ್ನಾದರೂ ಮೊದಲು ಮಾಡಿಸಿ.