ಟ್ಯಾಂಕಿಗಿಂತ ಹಳೆಯದು ಆ ವೇಗ

1940ರಲ್ಲಿ ಜರ್ಮನ್ನರು ಆರೇ ವಾರದಲ್ಲಿ ಫ್ರಾನ್ಸನ್ನು ಮಣಿಸಿದ್ದು ಹೇಗೆ ಅಂದರೆ, ಹೆಚ್ಚಿನವರು ಟ್ಯಾಂಕ್ ಕಡೆ ಕೈ ತೋರಿಸುತ್ತಾರೆ. ನಾನು ಒಪ್ಪುವುದಿಲ್ಲ. ಫ್ರೆಂಚರ ಶಾರ್ ಬಿ1 ಬಿಸ್ ಟ್ಯಾಂಕಿಗೆ 60 ಮಿಲಿಮೀಟರ್ ದಪ್ಪದ ಕವಚ ಇತ್ತು. ಜರ್ಮನ್ನರ ಪಾಂಜರ್ 1 ಟ್ಯಾಂಕಿನಲ್ಲಿ ಇದ್ದದ್ದು ಬರೀ ಎರಡು ಮೆಷಿನ್ ಗನ್. ಅವರ ಸೈನಿಕರಲ್ಲಿ ಬಹುಪಾಲು ಜನ ನಡೆದೇ ಹೋದರು, ಫಿರಂಗಿ ಎಳೆದದ್ದು ಕುದುರೆಗಳು.

ಜರ್ಮನ್ನರ ಆ ವೇಗದ ಬೇರು ಇನ್ನೂ ಹಿಂದಿನದು. ಜರ್ಮನಿ ಒಂದಾಗುವ ಮೊದಲಿನ ಪ್ರಷ್ಯಾ ರಾಜ್ಯದ ಕಾಲದಿಂದಲೂ ಅವರಿಗೆ ಎರಡೂ ಕಡೆ ಶತ್ರುಗಳ ಭಯ. ಯುದ್ಧ ಎಳೆದಷ್ಟೂ ಸೋಲು ಹತ್ತಿರ. ಹಾಗಾಗಿ ಏನು ಸಾಧಿಸಬೇಕು ಅಂತ ಹೇಳಿ, ಹೇಗೆ ಅನ್ನೋದನ್ನು ಕೆಳಗಿನ ಅಧಿಕಾರಿಗೇ ಬಿಡುವ ರೂಢಿ 19ನೇ ಶತಮಾನದಲ್ಲೇ ಬೆಳೆಯಿತು. ಮೊದಲ ಮಹಾಯುದ್ಧದಲ್ಲಿ, 1918ರ ಮಾರ್ಚ್‌ನಲ್ಲಿ, ಅವರ ಚಿಕ್ಕ ಚಿಕ್ಕ ತಂಡಗಳು ಶತ್ರುವಿನ ಗಟ್ಟಿ ನೆಲೆಗಳನ್ನು ಬದಿಗೆ ಬಿಟ್ಟು ಒಳಗೆ ನುಗ್ಗಿದವು. ಆದರೆ ಕಾಲ್ನಡಿಗೆ ಅಲ್ವಾ? ಜನ ದಣಿದರು. ಊಟ, ಮದ್ದುಗುಂಡು ಹಿಂದೆಯೇ ಉಳಿದವು. ದಾಳಿ ನಿಂತುಹೋಯಿತು.

ಟ್ಯಾಂಕ್ ಬಂದು ತುಂಬಿದ್ದು ಈ ಕೊರತೆಯನ್ನು. ಆದರೆ ಆ ಯುದ್ಧ ಸೋತ ಮೇಲೆ ಆದ ವರ್ಸೇಲ್ಸ್ ಒಪ್ಪಂದ ಜರ್ಮನಿಗೆ 1 ಲಕ್ಷ ಸೈನಿಕರನ್ನಷ್ಟೇ ಬಿಟ್ಟಿತು, ಟ್ಯಾಂಕ್ ಇಟ್ಟುಕೊಳ್ಳುವಂತಿರಲಿಲ್ಲ. ಸೇನೆಯ ಮುಖ್ಯಸ್ಥ ಹಾನ್ಸ್ ಫಾನ್ ಸೀಕ್ಟ್ ನೂರಾರು ಅಧಿಕಾರಿಗಳನ್ನು ಕೂರಿಸಿ ಹಿಂದಿನ ಯುದ್ಧದ ಪಾಠಗಳನ್ನು ಬರೆಸಿದ. ಕಾರಿಗೆ ಟ್ಯಾಂಕಿನ ವೇಷ ಹಾಕಿ ಕವಾಯತು ಮಾಡಿದರು. 1929ರಿಂದ 1933ರವರೆಗೆ ಸೋವಿಯತ್ ನೆಲದಲ್ಲಿ, ಕಜಾನ್ ಹತ್ತಿರ, ಗುಟ್ಟಾಗಿ ಟ್ಯಾಂಕ್ ಶಾಲೆ ನಡೆಸಿದರು. ಮುಂದೆ ಯಾರ ಮೇಲೆ ಆ ಟ್ಯಾಂಕ್‌ಗಳು ನುಗ್ಗಿದವು ಅಂತ ನೆನೆದರೆ ಹೊಟ್ಟೆ ತೊಳಸುತ್ತದೆ.

ಈ ಟ್ಯಾಂಕ್ ಪಡೆ ಕಟ್ಟಿದ ಹೆಸರೆಲ್ಲ ಜರ್ಮನ್ ಜನರಲ್ ಹೈಂಜ್ ಗುಡೇರಿಯನ್‌ಗೇ ಹೋಗುತ್ತದೆ. ಅವನ ಮೇಲಧಿಕಾರಿ ಓಸ್ವಾಲ್ಡ್ ಲುಟ್ಸ್‌ನನ್ನು ಯಾರೂ ನೆನೆಯುವುದಿಲ್ಲ. ಇದು ಅನ್ಯಾಯ. ಆದರೂ ಒಂದು ವಿಷಯದಲ್ಲಿ ಗುಡೇರಿಯನ್‌ಗೆ ಸಲ್ಲಬೇಕಾದ್ದು ಸಲ್ಲಬೇಕು. ಮೊದಲ ಮಹಾಯುದ್ಧದಲ್ಲಿ ಅವನು ವೈರ್‌ಲೆಸ್ ವಿಭಾಗದಲ್ಲಿದ್ದ. ಟ್ಯಾಂಕ್‌ಗಳಿಗೆ ರೇಡಿಯೋ ಬೇಕೇ ಬೇಕು ಅಂತ ಹಟ ಹಿಡಿದ. ಜರ್ಮನ್ನರ ಪಾಂಜರ್ 3 ಟ್ಯಾಂಕಿನ ಮೇಲಿನ ತಿರುಗುವ ಗೋಪುರದಲ್ಲಿ ಮೂರು ಜನ, ಕಮಾಂಡರ್‌ಗೆ ಸುತ್ತ ನೋಡುವುದೇ ಕೆಲಸ. ಫ್ರೆಂಚ್ ಟ್ಯಾಂಕಿನ ಗೋಪುರದಲ್ಲಿ ಹೆಚ್ಚಾಗಿ ಒಬ್ಬನೇ. ಗುಂಡು ತುಂಬಬೇಕು, ಗುರಿ ಇಡಬೇಕು, ಅಪ್ಪಣೆಯನ್ನೂ ಕೊಡಬೇಕು. ಕವಚ ಎಷ್ಟು ದಪ್ಪ ಇದ್ದರೇನು?

1940ರ ಮೇ 13ರಂದು ಗುಡೇರಿಯನ್‌ನ ಪಡೆ ಫ್ರಾನ್ಸಿನ ಸೆಡಾನ್ ಬಳಿ ಮ್ಯೂಸ್ ನದಿ ದಾಟಿತು. 17ರಂದು ಮೇಲಿನವರು ನಿಲ್ಲು ಅಂದರು. ಅವನು ರಾಜೀನಾಮೆಗೇ ಸಿದ್ಧನಾದ. ಕೊನೆಗೆ ಮುಂದಿನ ದಾರಿ ನೋಡಿಬರುವಷ್ಟಕ್ಕೆ ಒಪ್ಪಿಗೆ ಸಿಕ್ಕಿತು, ಅವನು ಅದನ್ನೇ ಹಿಡಿದು ನುಗ್ಗಿದ. 20ಕ್ಕೆ ಅವನ ಟ್ಯಾಂಕ್‌ಗಳು ಸಮುದ್ರದ ಅಂಚಿನಲ್ಲಿದ್ದವು.

ಮರುವರ್ಷ ರಷ್ಯಾಕ್ಕೂ ಹಾಗೇ ನುಗ್ಗಿದರು. ಮಾಸ್ಕೋ ಹತ್ತಿರ ಹೋಗುವಷ್ಟರಲ್ಲಿ ಕೆಸರು, ಚಳಿ. ಪೆಟ್ರೋಲ್, ಬೆಚ್ಚಗಿನ ಬಟ್ಟೆ ಮತ್ತೆ ಹಿಂದೆಯೇ ಉಳಿದವು, 1918ರಂತೆಯೇ.