1837: ಭತ್ತ ಕೊಡ್ತಿದ್ದವರ ಹತ್ರ ದುಡ್ಡು ಕೇಳಿದಾಗ

ಅಕ್ಟೋಬರ್ 31 ಬಂತು ಅಂದ್ರೆ ನಮ್ಮ ಮಡಿಕೇರಿ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯ ಗೌಡರ ಫೋಟೋ ಬರುತ್ತೆ, ಕೊಡಗು, ಸುಳ್ಯ ಕಡೆ ಜನ ಈಸ್ಟ್ ಇಂಡಿಯಾ ಕಂಪನಿ ವಿರುದ್ಧ ಎದ್ದ ದಂಗೆಯಲ್ಲಿ ಸೇರಿದ್ದಕ್ಕೆ 1837ರಲ್ಲಿ ಅದೇ ದಿನ ಅವ್ರನ್ನ ಕೋಟೆ ಹತ್ರ ಗಲ್ಲಿಗೆ ಹಾಕಿದ್ದು, ಎಲ್ರೂ ಕೈ ಮುಗೀತಾರೆ, ನಾನೂ ಮುಗೀತೀನಿ. ಆದ್ರೆ ಒಂದು ಗಂಟೆ ಕಳೆಯೋದ್ರೊಳಗೆ ಜಗಳ ಶುರು. ಯಾವ ಜನಾಂಗದವರು ಹೋರಾಡಿದ್ರು, ಯಾರು ಕಂಪನಿ ಕಡೆ ಹೋದ್ರು, ಯಾರ ಮನೆತನಕ್ಕೆ ಮೆಡಲ್ ಸಿಕ್ತು, ಯಾರು ಹಿಡಿದುಕೊಟ್ರು. ಈ ವರ್ಷ ಅದನ್ನ ಓದಿ ಓದಿ ಮನಸ್ಸಿಗೆ ತುಂಬ ಬೇಜಾರಾಗಿ ಇದನ್ನ ಬರೀತಾ ಇದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನನ್ನ ಬಹಳ ವರ್ಷ ಕಾಡಿದ್ದು ಒಂದೇ ಪ್ರಶ್ನೆ. 1834ರಲ್ಲಿ ಕಂಪನಿಯವರು ಕೊಡಗಿನ ಹಾಲೇರಿ ವಂಶದ ಕೊನೇ ರಾಜ ಚಿಕ್ಕವೀರರಾಜನ್ನ ಇಳಿಸಿದಾಗ ಕೊಡಗಿನಲ್ಲಿ ದೊಡ್ಡ ಯುದ್ಧ ಆಗ್ಲಿಲ್ಲ, ಅವನ ಕಾಟ ಸಾಕಾಗಿತ್ತು ಜನಕ್ಕೆ, ಎಷ್ಟೋ ಮನೆಗಳಲ್ಲಿ ನಿಟ್ಟುಸಿರು ಬಿಟ್ಟಿರ್ತಾರೆ. ಹಾಗಿದ್ಮೇಲೆ ಬರೀ ಮೂರೇ ವರ್ಷದಲ್ಲಿ ಹಾಲೇರಿ ವಂಶದ ಕಲ್ಯಾಣಸ್ವಾಮಿ ನಾನು ಅಂತ ಹೇಳ್ಕೊಂಡ ಒಬ್ಬನ ಹಿಂದೆ ಸಾವಿರಾರು ಜನ ಕತ್ತಿ ಕೋವಿ ಹಿಡ್ಕೊಂಡು ಬೆಳ್ಳಾರೆ ಖಜಾನೆ ಹೊಡೆದು ಮಂಗಳೂರು ತನಕ ಯಾಕೆ ಹೋದ್ರು? ಅದೂ ಆ ಹೊತ್ತಿಗೆ ನಿಜವಾದ ಕಲ್ಯಾಣಸ್ವಾಮಿ ಕಂಪನಿಯ ಸೆರೆಯಲ್ಲಿದ್ದ, ಮುಂದೆ ನಿಂತಿದ್ದು ಶನಿವಾರಸಂತೆ ಕಡೆಯ ಪುಟ್ಟಬಸಪ್ಪ, ಆ ಹೆಸರು ಹೊತ್ಕೊಂಡು. ಹತ್ರ ಇದ್ದವರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಹೋದ್ರು ಅಂದ್ರೆ ರಾಜನ ಮೇಲಿನ ಪ್ರೀತಿ ಅಷ್ಟೇ ಕಾರಣ ಅನ್ನೋಕೆ ನನಗಂತೂ ಆಗಲ್ಲ.

ಕಾರಣ ಕಂದಾಯದ ಪುಸ್ತಕದಲ್ಲಿದೆ. ಘಟ್ಟದ ಕೆಳಗಿನ ಪುತ್ತೂರು, ಅಮರ ಸುಳ್ಯ ಭಾಗ ಹಾಲೇರಿ ರಾಜರ ಕೈಯಲ್ಲಿತ್ತು, ಅಲ್ಲಿನ ರೈತರು ಬೆಳೆದ ಧಾನ್ಯದಲ್ಲೇ ತೆರಿಗೆ ಅಳೀತಿದ್ರು. ಕಂಪನಿ ಬಂದದ್ದೇ ತಡ ಆ ಭಾಗವನ್ನ ಕೊಡಗಿನಿಂದ ಕಿತ್ತು ಮಂಗಳೂರು ಕಡೆಯ ಕೆನರಾ ಜಿಲ್ಲೆಗೆ ಸೇರಿಸಿದ್ರು, ಇನ್ಮೇಲೆ ತೆರಿಗೆ ನಗದಾಗಿ ಕಟ್ಟಿ ಅಂದ್ರು. ಇದು ಕೇಳೋಕೆ ಬರೀ ಆಫೀಸಿನ ಬದಲಾವಣೆ ಥರ ಕಾಣುತ್ತೆ. ಆದ್ರೆ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಿ. ಧಾನ್ಯದಲ್ಲಿ ಕೊಡೋವಾಗ ಪೇಟೆಯಲ್ಲಿ ಅಕ್ಕಿ ರೇಟು ಬಿದ್ರೆ ಆ ನಷ್ಟ ರಾಜನ ಉಗ್ರಾಣಕ್ಕೆ, ನಗದಾದ ಮೇಲೆ ಅದೇ ನಷ್ಟ ಪೂರ್ತಿ ರೈತನ ತಲೆ ಮೇಲೆ. ಕಂದಾಯ ಇಷ್ಟು ರೂಪಾಯಿ ಅಂತ ಫಿಕ್ಸ್, ಅಷ್ಟು ರೂಪಾಯಿ ಹುಟ್ಟೋಕೆ ಮೊದಲು ಹತ್ತು ಮುಡಿ ಅಕ್ಕಿ ಮಾರಿದ್ರೆ ಸಾಕಾಗಿತ್ತು ಅಂತ ಇಟ್ಕೊಳಿ, ರೇಟು ಅರ್ಧ ಆದ್ರೆ ಇಪ್ಪತ್ತು ಮಾರ್ಬೇಕು. ಮತ್ತೆ ಅದು ಎಂಥ ಕಾಲ ಅಂದ್ರೆ, 1820ರ ದಶಕದ ಕೊನೆಯಿಂದ ಮುಂದಕ್ಕೆ ಬಹಳ ವರ್ಷ ಮದ್ರಾಸ್ ಪ್ರಾಂತ್ಯದಲ್ಲೆಲ್ಲ ದವಸದ ಬೆಲೆ ಬಿದ್ದೇ ಇದ್ದ ಕಾಲ. ಜೊತೆಗೆ ಉಪ್ಪು, ಹೊಗೆಸೊಪ್ಪು ಎರಡೂ ಕಂಪನಿಯ ಹಿಡಿತದಲ್ಲಿ. ದಂಗೆಕೋರರು ಊರೂರಿಗೆ ಸಾರಿದ್ದರಲ್ಲಿ ಕಂದಾಯ ಮಾಫಿ, ಉಪ್ಪು ಹೊಗೆಸೊಪ್ಪಿನ ಸುಂಕ ರದ್ದು ಅನ್ನೋದೇ ಮುಖ್ಯ. ಜನ ಯಾಕೆ ಬಂದ್ರು ಅಂತ ತಿಳೀಬೇಕಾದ್ರೆ ಅವರಿಗೆ ಏನು ಮಾತು ಕೊಟ್ಟು ಕರೆದ್ರು ಅಂತ ಮೊದಲು ನೋಡ್ಬೇಕಲ್ವಾ.

ನನಗೆ ಇದು ಪುಸ್ತಕದಿಂದ ಅರ್ಥ ಆದದ್ದಲ್ಲ. ಅಮ್ಮನ ತವರು ಚೆಂಬು ಕಡೆ, ಘಟ್ಟದ ಬುಡ. ಅಜ್ಜ ಹೇಳ್ತಿದ್ರು, ಕುಯ್ಲು ಆಗಿ ಕಣದಲ್ಲಿ ಭತ್ತ ಇರೋವಾಗ್ಲೇ ಸಾಲದವನು ಬಂದು ಕೂರ್ತಿದ್ದ, ಎಲ್ರೂ ಒಟ್ಟಿಗೆ ಮಾರೋ ಕಾಲ ಅದು, ರೇಟು ಇರ್ತಿರ್ಲಿಲ್ಲ, ಆದ್ರೂ ಮಾರ್ಲೇಬೇಕು. ಆಮೇಲೆ ಆಟಿ ತಿಂಗಳು ಮಳೆ ಹೊಡೀತಾ ಇರೋವಾಗ ಮನೇಲಿ ಅಕ್ಕಿ ಖಾಲಿ, ಅವನ ಹತ್ರಾನೇ ಹೋಗಿ ಡಬಲ್ ರೇಟಿಗೆ ಅಕ್ಕಿ ಕಡ ತರೋದು. "ನಮ್ಮ ಗದ್ದೆ ಅಕ್ಕಿನ ನಾವೇ ಸಾಲ ಮಾಡಿ ತಿಂದದ್ದು ಮಗಾ" ಅಂತ ಅಜ್ಜ ಹೇಳೋವಾಗ ಅವ್ರ ದನಿ ಸಣ್ಣಗಾಗ್ತಿತ್ತು. ಅದು ನೂರ ಮೂವತ್ತು ವರ್ಷ ಆಮೇಲಿನ ಕಥೆ. 1835-36ರಲ್ಲಿ ಮೊದಲ ಸಲ ನಗದು ಹುಡುಕಿಕೊಂಡು ಸಾಹುಕಾರನ ಜಗಲಿ ಮುಂದೆ ನಿಂತ ರೈತನ ಮುಖ ಹೇಗಿತ್ತು ಅಂತ ಯೋಚಿಸಿದಾಗೆಲ್ಲ ನನಗೆ ಅಜ್ಜನ ಮುಖ ಕಾಣುತ್ತೆ.

ಈಗ ಜಗಳದ ವಿಷಯಕ್ಕೆ ಬರ್ತೀನಿ. ಘಟ್ಟದ ಮೇಲೆ, ಅಂದ್ರೆ ಕೊಡಗಿನಲ್ಲಿ, ಯಾಕೆ ಅಷ್ಟು ಜನ ಏಳ್ಲಿಲ್ಲ? ಕೊಡವರ ರಕ್ತದಲ್ಲಿ ಹಾಗೆ, ಗೌಡರ ರಕ್ತದಲ್ಲಿ ಹೀಗೆ ಅಂತ ಬರೆಯೋರಿಗೆ ನಾನು ಕೇಳೋದು, ಮೇಲೆ ಜಮ್ಮಾ ಭೂಮಿ, ಅಂದ್ರೆ ಮನೆತನಕ್ಕೆ ತಲೆಮಾರಿನಿಂದ ಬಂದ ಭೂಮಿ, ಏನಾಯ್ತು ನೋಡಿದ್ರಾ? ಜಮ್ಮಾ ಹಾಗೇ ಉಳೀತು, ಪೂರ್ತಿ ಕಂದಾಯ ಕಟ್ಟೋ ಸಾಗು ಭೂಮಿಗಿಂತ ಅರ್ಧ ಕಂದಾಯ ಅನ್ನೋ ಪದ್ಧತೀನೂ ಉಳೀತು, ರಾಜನ ಕಾಲದ ದಿವಾನರೂ ಅಧಿಕಾರದಲ್ಲಿ ಮುಂದುವರಿದ್ರು. ಕಳ್ಕೊಂಡವನು ಎದ್ದ, ಕಳ್ಕೊಳ್ಳದವನು ಕಾದು ನೋಡಿದ, ಕೆಲವರು ಕಂಪನಿ ಜೊತೆ ನಿಂತ್ರು, ಅವರಿಗೆ ಚಿನ್ನದ್ದು ಬೆಳ್ಳಿದು ಮೆಡಲೂ ಸಿಕ್ತು. ಎರಡು ಊರುಗಳ ಮಧ್ಯೆ ಇದ್ದದ್ದು ಒಂದು ಘಟ್ಟ ಮತ್ತು ಎರಡು ಥರದ ಕಂದಾಯ. ಇನ್ನು ಎದ್ದವರ ಹೆಸರಾದ್ರೂ ನೋಡಿ, ಕೆದಂಬಾಡಿ ರಾಮಯ್ಯ ಗೌಡ, ಪುಟ್ಟಬಸಪ್ಪ, ಹುಲಿ ಕಡಿದ ನಂಜಯ್ಯ, ಚೆಟ್ಟಿ ಕುಡಿಯ, ಲಕ್ಷ್ಮಪ್ಪ ಬಂಗರಸ. ಗೌಡ, ಲಿಂಗಾಯತ, ಕುಡಿಯ, ಜೈನ ಎಲ್ಲ ಒಟ್ಟಿಗೆ. ಇದನ್ನ ಒಂದು ಜಾತಿಯ ಆಸ್ತಿ ಮಾಡೋಕೆ ಹೋದ್ರೆ ಉಳಿದವರನ್ನ ಎರಡನೇ ಸಲ ಗಲ್ಲಿಗೆ ಹಾಕಿದ ಹಾಗೆ.

ಇದು ನಮ್ಮ ಒಂದು ಕಡೆ ಮಾತ್ರ ಆದದ್ದೂ ಅಲ್ಲ. ಅದಕ್ಕೆ ಏಳು ವರ್ಷ ಮುಂಚೆ, 1830ರಲ್ಲಿ, ಮೈಸೂರು ರಾಜ್ಯದ ನಗರ ಕಡೆ ರೈತರು ಎದ್ದಿದ್ರು. ಅಲ್ಲಿ ಶರತ್ತು ಪದ್ಧತಿ ಇತ್ತು, ತಾಲೂಕಿನ ಅಧಿಕಾರಿ ಅಮಲ್ದಾರ ಇಷ್ಟು ವಸೂಲಿ ಮಾಡಿ ಕೊಡ್ತೀನಿ ಅಂತ ಒಪ್ಪಿ ಬರ್ತಿದ್ದ, ಆಮೇಲೆ ಅದನ್ನ ರೈತನಿಂದ ಹೇಗೆ ಹಿಂಡಿದ ಅಂತ ಕೇಳೋರಿಲ್ಲ. ಅಲ್ಲೂ ಮುಂದೆ ನಿಂತವನು ಬೂದಿ ಬಸವಪ್ಪ, ನಗರದ ಹಳೇ ಅರಸರ ವಂಶದವನು ಅಂತ ಹೇಳ್ಕೊಂಡವನು! ಅದನ್ನೇ ನೆಪ ಮಾಡ್ಕೊಂಡು 1831ರಲ್ಲಿ ಕಂಪನಿ ಮೈಸೂರಿನ ಆಡಳಿತ ತಗೊಂಡಿದ್ದು, ಒಡೆಯರಿಗೆ ವಾಪಸ್ ಸಿಕ್ಕಿದ್ದು 1881ರಲ್ಲಿ. ಅದೇ 1830-31ರಲ್ಲಿ ಕೆನರಾದಲ್ಲಿ ರೈತರು ಕೂಟ ಸೇರಿ ಕಂದಾಯ ಕಟ್ಟಲ್ಲ ಅಂದ್ರು, ಮಂಗಳೂರಿನ ಕದ್ರಿ ದೇವಸ್ಥಾನದ ಹತ್ರಾನೂ ಕೂಟ ಸೇರಿತ್ತು. ಅಂದ್ರೆ ಆಗ್ಲೇ ಕುದೀತಾ ಇದ್ದ ಜಿಲ್ಲೆಗೆ ನಮ್ಮ ಸುಳ್ಯದವರನ್ನ ತಗೊಂಡೋಗಿ ಸೇರಿಸಿದ್ದು. 1837ರಲ್ಲಿ ಮಂಗಳೂರು ಹದಿಮೂರು ದಿನ ದಂಗೆಕೋರರ ಕೈಗೆ ಹೇಗೆ ಸಿಕ್ತು ಅಂತ ಆಶ್ಚರ್ಯ ಪಡೋರು ಈ ಕೂಟಗಳ ವಿಷಯ ಓದ್ಬೇಕು, ದಾರಿ ಉದ್ದಕ್ಕೂ ಜನ ಸೇರ್ಕೊಂಡು ಹೋದ್ರು.

ನನಗೆ ಅನ್ಸೋದು, ಜನಕ್ಕೆ ಸಂಕಟ ಇರುತ್ತೆ, ಆದ್ರೆ ಸಂಕಟಕ್ಕೆ ಒಂದು ಹೆಸರು ಬೇಕಾಗುತ್ತೆ. "ಕಂದಾಯ ನಗದಿನಲ್ಲಿ ಬೇಡ" ಅಂತ ಹೇಳಿ ಊರು ಕಟ್ಟೋದು ಆ ಕಾಲದಲ್ಲಿ ಕಷ್ಟ, "ನಮ್ಮ ಅರಸ ವಾಪಸ್ ಬಂದ" ಅಂದ್ರೆ ಸಂತೆಯಿಂದ ಸಂತೆಗೆ ಸುದ್ದಿ ಓಡುತ್ತೆ. ಸುಳ್ಯ ಕಡೆ ಮದುವೆ ನೆಪದಲ್ಲಿ ಜನ ಸೇರಿಸಿದ್ರು ಅಂತ ಇವತ್ತಿಗೂ ಹೇಳ್ತಾರೆ. ಗೆದ್ದ ಕಂಪನಿ ಕಡೆಯಿಂದ ಆಮೇಲೆ ಅದಕ್ಕೆ ಬೇರೆ ಹೆಸರು ಅಂಟ್ಕೊಳ್ತು, ಕಲ್ಯಾಣಪ್ಪನ ಕಾಟಕಾಯಿ, ಏನೋ ಲೂಟಿ ಮಾಡೋಕೆ ಬಂದ ಗುಂಪು ಅನ್ನೋ ಥರ. ನಾನು ಚಿಕ್ಕೋಳಿದ್ದಾಗ ಆ ಮಾತನ್ನೇ ಕೇಳಿದ್ದು. ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆ ನಿಂತಿದ್ದು 2022ರಲ್ಲಿ, ನೂರ ಎಂಬತ್ತೈದು ವರ್ಷ ಬೇಕಾಯ್ತು.

ಇನ್ನೊಂದು ಹೇಳದೆ ಇರೋಕೆ ಆಗಲ್ಲ. ಭೂಮಿ ಇದ್ದವನು ಕಂದಾಯ ಜಾಸ್ತಿ ಆಯ್ತು ಅಂತ ಎದ್ದ, ಭೂಮಿನೇ ಇಲ್ಲದ ಯರವರು, ಪಣಿಯರಂಥ ಆದಿವಾಸಿಗಳು ಆ ಲೆಕ್ಕದಲ್ಲಿ ಎಲ್ಲೂ ಇಲ್ಲ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ನೂರಾರು ಆದಿವಾಸಿ ಕುಟುಂಬಗಳ ಗುಡಿಸಲು ಕಿತ್ತಾಗ, ಆ ಚಳೀಲಿ ಹೆಂಗಸರು ಬೀದೀಲಿ ಕೂತಿದ್ರಲ್ಲ, ಅವರಲ್ಲಿ ಎಷ್ಟೋ ಜನ ತೋಟದ ಕೂಲಿಯವರಿಗೆ ಕೊಡೋ ಲೈನ್‌ಮನೆಯಿಂದ ಬಂದವರು. ಆವತ್ತೂ ನಮ್ಮ ಗ್ರೂಪ್‌ಗಳಲ್ಲಿ ಕೇಳಿದ್ದು ಇವರ ಹಿಂದೆ ಯಾರಿದ್ದಾರೆ, ಯಾರು ಎತ್ತಿಕಟ್ಟಿದ್ದು ಅಂತ. 1837ರಲ್ಲಿ ಕಂಪನಿಯವರೂ ಅದನ್ನೇ ಹುಡುಕಿದ್ದು, ದಿವಾನ್ ಲಕ್ಷ್ಮೀನಾರಾಯಣನ್ನ ಹಿಡಿದು ಸೆರೆಗೆ ಹಾಕಿದ್ರು. ಒಂದು ಸೆಂಟ್ ಜಾಗಕ್ಕೆ ಹಕ್ಕುಪತ್ರ ಇಲ್ಲದೆ ತಲೆಮಾರುಗಟ್ಟಲೆ ಬೇರೆಯವರ ಲೈನಲ್ಲಿ ಬದುಕಿದವರಿಗೆ ಎತ್ತಿಕಟ್ಟೋಕೆ ಇನ್ನೊಬ್ಬರು ಬೇಕಾ?

ಸಂಪಾಜೆ, ಪೆರಾಜೆ, ಚೆಂಬು, ಸುಳ್ಯ, ಬೆಳ್ಳಾರೆ ಕಡೆಯವರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ವಿನಂತಿ. ನಿಮ್ಮ ತರವಾಡು ಮನೆಗಳ ಪೆಟ್ಟಿಗೆಯಲ್ಲಿ ಹಳೇ ಶಿಸ್ತಿನ (ಕಂದಾಯದ ಲೆಕ್ಕದ) ನಕಲು, ತೀರ್ವೆ ಅಂದ್ರೆ ಕಂದಾಯ ಕಟ್ಟಿದ ರಶೀದಿ, ಸಾಲದ ಪತ್ರ ಏನೇ ಇದ್ರೂ, ಗೆದ್ದಲು ಹಿಡಿದಿದ್ರೂ ಪರವಾಗಿಲ್ಲ, ಎಸೀಬೇಡಿ, ಫೋಟೋ ತೆಗೆದು ಕಳಿಸಿ. ಹಳೇ ಕಾಲದ ಕೂಡಕ್ಷರ, ಮೋಡಿ ಅಕ್ಷರ ಇದ್ರೂ ಓದಿಸೋಣ. ಯಾವ ಮನೆ ಯಾವ ವರ್ಷದಿಂದ ಅಕ್ಕಿ ಬದಲು ರೂಪಾಯಿ ಕಟ್ಟೋಕೆ ಶುರು ಮಾಡ್ತು ಅಂತ ನನಗೆ ನೋಡ್ಬೇಕು.